ಮೊದಲ ಕ್ಯಾಮೆರಾ: ಡಿಎಸ್‌ಎಲ್‌ಆರ್ ಕೊಳ್ಳೋದಾ, ಮಿರರ್‌ಲೆಸ್ಸಾ?

ಮೊದಲ ಸಲ ಕ್ಯಾಮೆರಾ ಕೊಳ್ಳುವವರು ಮೆಗಾಪಿಕ್ಸೆಲ್ ಲೆಕ್ಕ ಬಿಟ್ಟುಬಿಡಿ. ಡಿಎಸ್‌ಎಲ್‌ಆರ್ ಅಂದರೆ ಒಳಗಿನ ಕನ್ನಡಿಯ ಮೂಲಕ ದೃಶ್ಯ ತೋರಿಸುವ ಕ್ಯಾಮೆರಾ; ಮಿರರ್‌ಲೆಸ್‌ನಲ್ಲಿ ಆ ಕನ್ನಡಿ ಇಲ್ಲ, ದೃಶ್ಯ ಸ್ಕ್ರೀನಿನಲ್ಲೇ ಕಾಣುತ್ತದೆ. ಕ್ಯಾನನ್ 1500ಡಿ (ಡಿಎಸ್‌ಎಲ್‌ಆರ್), ಆರ್50 (ಮಿರರ್‌ಲೆಸ್) ಎರಡರಲ್ಲೂ 24 ಮೆಗಾಪಿಕ್ಸೆಲ್. ಬೆಳಕು ಹಿಡಿಯುವ ಸೆನ್ಸರ್ ಕೂಡ ಎರಡರಲ್ಲೂ ಎಪಿಎಸ್-ಸಿ ಅನ್ನುವ ಒಂದೇ ಅಳತೆಯದ್ದು. ನಿಜವಾದ ವ್ಯತ್ಯಾಸ ಫೋಕಸ್‌ನಲ್ಲಿದೆ.

1500ಡಿ ವ್ಯೂಫೈಂಡರ್‌ನಲ್ಲಿ (ಕಣ್ಣಿಟ್ಟು ನೋಡುವ ಕಿಂಡಿ) ಫೋಕಸ್ ಬಿಂದುಗಳು ಬರೀ 9, ಅವೂ ನಡುಭಾಗದಲ್ಲೇ ಇವೆ. ಮನೆಯೊಳಗೆ ಓಡಾಡುವ ಮಗುವಿನ ಫೋಟೊ ತೆಗೆದು ದೊಡ್ಡದು ಮಾಡಿ ನೋಡಿ. ಎಷ್ಟೋ ಸಲ ಹಿಂದಿನ ಕಿಟಕಿ ಪರದೆಯ ಹೂವು ಸ್ಪಷ್ಟವಾಗಿರುತ್ತದೆ, ಮಗುವಿನ ಕಣ್ಣು ಮಸುಕು. ಆರ್50 ಕಣ್ಣನ್ನೇ ಗುರುತಿಸುತ್ತದೆ, ಮಗು ಫ್ರೇಮಿನ ಅಂಚಿಗೆ ಓಡಿದರೂ ಬೆನ್ನು ಹತ್ತುತ್ತದೆ. ಮಕ್ಕಳ ಫೋಟೊ, ವಿಡಿಯೊ ಜಾಸ್ತಿ ತೆಗೆಯುವವರಿಗೆ ನಾನಂತೂ ಮಿರರ್‌ಲೆಸ್ಸನ್ನೇ ಹೇಳುತ್ತೇನೆ.

ಆದರೆ ಅದರಲ್ಲಿ ಸ್ಕ್ರೀನ್ ಸದಾ ಉರಿಯುತ್ತಿರುತ್ತದೆ ಅಲ್ವಾ, ಬ್ಯಾಟರಿ ಬೇಗ ಇಳಿಯುತ್ತದೆ. ಇನ್ನೊಂದು ಬ್ಯಾಟರಿಯ ದುಡ್ಡನ್ನೂ ಮೊದಲೇ ಸೇರಿಸಿಕೊಳ್ಳಿ. ನಿಕಾನ್ ಡಿ3500 ಡಿಎಸ್‌ಎಲ್‌ಆರ್‌ಗೆ ಕಂಪನಿ ಹೇಳುವುದು ಒಂದು ಚಾರ್ಜಿಗೆ 1,550 ಫೋಟೊ. ಪ್ರವಾಸ, ಚಾರಣ ಅಂತ ಹೋಗುವವರಿಗೆ ಇದು ಸಣ್ಣ ವಿಷಯ ಅಲ್ಲ.

ಕೈಯಲ್ಲಿ ದುಡ್ಡು ಕಡಿಮೆ ಇದ್ದರೆ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಧೈರ್ಯವಾಗಿ ನೋಡಿ. ಲೆನ್ಸ್ ವಿಷಯದಲ್ಲಿ ಮಾತ್ರ ಹುಷಾರು. ಲೆನ್ಸನ್ನು ತಾನಾಗಿ ಫೋಕಸ್ ಮಾಡಿಸುವ ಮೋಟಾರ್ ಡಿ3500 ಒಳಗೆ ಇಲ್ಲ. ಅಗ್ಗಕ್ಕೆ ಸಿಕ್ಕಿತು ಅಂತ ಹಳೆಯ 50ಎಂಎಂ ಎಫ್1.8ಡಿ ತಂದರೆ ಪ್ರತಿ ಫೋಟೊಗೂ ಕೈಯಲ್ಲೇ ರಿಂಗ್ ತಿರುಗಿಸಬೇಕು. ಹೆಸರಿನ ಕೊನೆಯಲ್ಲಿ ‘ಜಿ’ ಇರುವ 1.8 ಲೆನ್ಸ್ ಕೇಳಿ, ಅದರಲ್ಲೇ ಮೋಟಾರ್ ಇದೆ. ಕ್ಯಾನನ್ ಡಿಎಸ್‌ಎಲ್‌ಆರ್‌ಗೆ ಹಾಕುವ ಇಎಫ್ ಲೆನ್ಸ್‌ಗಳನ್ನು ಅಡಾಪ್ಟರ್ ಹಾಕಿ ಮುಂದೆ ಆರ್50ಗೂ ಬಳಸಬಹುದು.

ಅಂಗಡಿಗೆ ನಿಮ್ಮದೇ ಮೆಮೊರಿ ಕಾರ್ಡ್ ಒಯ್ಯಿರಿ. ಎರಡರಲ್ಲೂ ನಾಲ್ಕು ನಾಲ್ಕು ಫೋಟೊ ತೆಗೆದು, ಮನೆಗೆ ಬಂದು ಕಂಪ್ಯೂಟರ್‌ನಲ್ಲಿ ನಿಧಾನವಾಗಿ ನೋಡಿ.