ವೆನಿಲ್ಲಾ ಬೆಳೆಸಿದ ನನ್ನ ಅನುಭವ

ವೆನಿಲ್ಲಾ ಒಂದು ಆರ್ಕಿಡ್. ಮರ ಹತ್ತುವ ಬಳ್ಳಿ. ಇದರ ತವರು ಮೆಕ್ಸಿಕೋ ಮತ್ತು ಮಧ್ಯ ಅಮೆರಿಕದ ತೇವದ ಕಾಡುಗಳು. ಅಲ್ಲಿ ಅದು ಹೇಗೆ ಬದುಕುತ್ತದೆ ಅಂತ ತಿಳಿದುಕೊಂಡೇ ನಾನು ನೆಡಲು ಹೊರಟೆ. ಆಮೇಲೆ ಅರ್ಧ ಕೆಲಸ ತಾನಾಗಿಯೇ ಸಲೀಸಾಯಿತು.

ಮೊದಲು ಬೇರಿನ ವಿಷಯ. ಪ್ರತಿ ಗಂಟಿನಲ್ಲೂ ಎಲೆಯ ಎದುರಿಗೆ ಬೇರು ಹೊರಡುತ್ತದೆ. ಕೆಲವು ಮರದ ತೊಗಟೆಯನ್ನು ಹಿಡಿದುಕೊಳ್ಳುತ್ತವೆ ಅಷ್ಟೇ, ಮರದ ರಸ ಹೀರುವುದಿಲ್ಲ. ನೆಲಕ್ಕಿಳಿದವು ಕೊಳೆತ ತರಗೆಲೆಯಲ್ಲೇ ಹರಡಿ ಆಹಾರ ಪಡೆಯುತ್ತವೆ, ಆಳಕ್ಕೆ ಹೋಗುವುದಿಲ್ಲ. ಹಾಗಾಗಿ ನಾನು ಗುಂಡಿ ತೋಡಲಿಲ್ಲ. ಸುಮಾರು 1 ಮೀಟರ್ ಉದ್ದದ ಬಳ್ಳಿ ಕತ್ತರಿಸಿ, ಒಂದು ವಾರ ನೆರಳಲ್ಲಿಟ್ಟು ಬಾಡಿಸಿದೆ. ಬುಡದ ಎರಡು ಮೂರು ಗಂಟುಗಳ ಎಲೆ ತೆಗೆದು, ಆ ಭಾಗವನ್ನು ನೆಲದ ಮೇಲೆ ಮಲಗಿಸಿ ತರಗೆಲೆ ಮುಚ್ಚಿದೆ. ತುದಿಯನ್ನು ಆಸರೆ ಮರಕ್ಕೆ ಸಡಿಲವಾಗಿ ಕಟ್ಟಿದೆ. ಬುಡದಲ್ಲಿ ನೀರು ನಿಲ್ಲಬಾರದು. ನಿಂತರೆ ಫ್ಯುಸೇರಿಯಂ ಶಿಲೀಂಧ್ರ ಬೇರನ್ನು ಕೊಳೆಸುತ್ತದೆ.

ಆಸರೆಗೆ ಗ್ಲಿರಿಸಿಡಿಯಾ ಹಾಕಿದೆ. ಅದೂ ವೆನಿಲ್ಲಾದ ತವರಿನ ಕಡೆಯ ಮರವೇ! ಅರ್ಧ ನೆರಳು ಸಾಕು. ಬಿಸಿಲು ಜಾಸ್ತಿಯಾದರೆ ಎಲೆ ಹಳದಿಯಾಗುತ್ತದೆ, ನೆರಳು ಜಾಸ್ತಿಯಾದರೆ ಬಳ್ಳಿ ಸಪೂರವಾಗುತ್ತದೆ. ಎಲೆ ನೋಡಿಕೊಂಡು ರೆಂಬೆ ಸವರುತ್ತೇನೆ, ಬೇರೆ ಅಳತೆ ಇಲ್ಲ.

ಬಿಟ್ಟರೆ ಬಳ್ಳಿ ಮರದ ನೆತ್ತಿಗೇ ಹೋಗುತ್ತದೆ. ಕಾಡಲ್ಲಿ ಸರಿ, ನಮಗೆ ಕೈಗೆಟುಕಬೇಕಲ್ವಾ? ಆಳೆತ್ತರ ಬಂದಾಗ ಕವೆಯ ಮೇಲೆ ಹಾಯಿಸಿ ಕೆಳಕ್ಕೆ ಇಳಿಬಿಡುತ್ತೇನೆ. ಹೀಗೆ ಬಾಗಿದ ಬಳ್ಳಿಯಲ್ಲೇ ಹೂವು ಚೆನ್ನಾಗಿ ಬರುವುದು. ಜೊತೆಗೆ ಒಂದೆರಡು ತಿಂಗಳ ಒಣ ಹವೆಯೂ ಬೇಕು. ಆಗ ನೀರು ಕಮ್ಮಿ ಮಾಡುತ್ತೇನೆ. ಮೊದಲ ಹೂವಿಗೆ ಸುಮಾರು ಮೂರು ವರ್ಷ ಕಾಯಬೇಕು.

ಹೂವು ಬೆಳಿಗ್ಗೆ ಅರಳಿ ಅದೇ ದಿನ ಮುದುಡುತ್ತದೆ. ಅದರ ಗಂಡು ಭಾಗಕ್ಕೂ ಹೆಣ್ಣು ಭಾಗಕ್ಕೂ ನಡುವೆ ಒಂದು ತೆಳು ಪರದೆ ಇದೆ, ಪರಾಗ ದಾಟದಂತೆ ಅದು ತಡೆಯುತ್ತದೆ. ತವರಿನ ಕಾಡಿನಲ್ಲೂ ತಾನಾಗಿ ಕಾಯಿಕಟ್ಟುವ ಹೂವು ತೀರಾ ಅಪರೂಪ. 1841ರಲ್ಲಿ ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ 12 ವರ್ಷದ ಹುಡುಗ ಎಡ್ಮಂಡ್ ಆಲ್ಬಿಯಸ್ ಇದಕ್ಕೆ ಸುಲಭದ ದಾರಿ ಕಂಡುಕೊಂಡ. ನಾನು ಮಾಡುವುದೂ ಅದನ್ನೇ. ಚೂಪು ಕಡ್ಡಿಯಿಂದ ಹೂವಿನ ತುಟಿ ಸೀಳಿ, ಪರದೆ ಮೇಲೆತ್ತಿ, ಹೆಬ್ಬೆರಳಿನಿಂದ ಪರಾಗವನ್ನು ಹೆಣ್ಣು ಭಾಗಕ್ಕೆ ಒತ್ತುವುದು. ಕೈ ಪಳಗಿದ ಮೇಲೆ ಕೆಲವೇ ಸೆಕೆಂಡಿನ ಕೆಲಸ. ಮಧ್ಯಾಹ್ನದೊಳಗೆ ಮುಗಿಸಬೇಕು. ಫಲಿಸದ ಹೂವು ಒಂದೆರಡು ದಿನದಲ್ಲಿ ಉದುರುತ್ತದೆ.

ಗೊಂಚಲಿನ ಎಲ್ಲ ಹೂವಿಗೂ ಹೀಗೆ ಮಾಡುವ ಆಸೆ ಬೇಡ. ನಾನು ಗೊಂಚಲಿಗೆ ಎಂಟು ಹತ್ತು ಕೋಡು (ಉದ್ದನೆಯ ಕಾಯಿ) ಸಾಕು ಅನ್ನುತ್ತೇನೆ. ಅವು ಬಲಿಯಲು ಎಂಟೊಂಬತ್ತು ತಿಂಗಳು ಬೇಕು. ಅಷ್ಟು ದಿನ ಬಳ್ಳಿಗೆ ಅದೇ ದೊಡ್ಡ ಹೊರೆ. ಜಾಸ್ತಿ ಬಿಟ್ಟರೆ ಕೋಡು ಗಿಡ್ಡವಾಗುತ್ತದೆ, ಮುಂದಿನ ವರ್ಷದ ಹೂವಿಗೂ ಹೊಡೆತ ಬೀಳುತ್ತದೆ.