ರೌಟರ್‌ಗೆ ಯುಎಸ್‌ಬಿ ಡಿಸ್ಪ್ಲೇ: ಕೊನೆಗೂ ಓಡಿಸಿದೆ

ಓಪನ್‌ವರ್ಟ್ (ರೌಟರ್‌ಗಳಿಗೆಂದೇ ಇರುವ ಲಿನಕ್ಸ್) ಹಾಕಿದ ಹಳೇ ರೌಟರ್‌ಗೆ ಮೂರೂವರೆ ಇಂಚಿನ ಯುಎಸ್‌ಬಿ ಡಿಸ್ಪ್ಲೇ ಕೂರಿಸಿದ್ದೇನೆ. ಮಳೆಗಾಲಕ್ಕೆ ಮೊದಲು ಹಾಕಿದ್ದು, ಈಗ ದೀಪಾವಳಿ ಹತ್ತಿರ ಬಂತು, ಒಂದೇ ಸಮ ಓಡುತ್ತಿದೆ. ಇದನ್ನು ಮಾಡ್ತೀನಿ ಅಂದಾಗ ಗೆಳೆಯರದ್ದೆಲ್ಲ ಒಂದೇ ಮಾತು: "ರೌಟರ್‌ನಲ್ಲಿ ಅದೆಲ್ಲ ಆಗಲ್ಲ ಮಾರಾಯ, ಸುಮ್ನೆ ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರ್ ತಗೋ." ಆಗುತ್ತೆ. ಡಿಸ್ಪ್ಲೇ ಪೈಗೂ ರೌಟರ್‌ಗೂ ಬೇಕೇ ಬೇಕು, ಎಡವದೆ ಮಾಡಿದರೆ ಅದರ ಮೇಲೆ ಬೀಳೋದು ಒಂದು ಹಬ್ ಮತ್ತು ಒಂದು ಅಡಾಪ್ಟರ್ ದುಡ್ಡು ಅಷ್ಟೇ.

ಯಾಕೆ ಬೇಕಿತ್ತು ಅಂದರೆ, ನಮ್ಮದು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ಹಳ್ಳಿ. ಮಳೆ ಹಿಡಿದರೆ ಕರೆಂಟ್ ಹೋಗುತ್ತೆ, ಫೈಬರ್ ಮೇಲೆ ಮರ ಬೀಳುತ್ತೆ. ಜಗಲಿಯಲ್ಲಿ ಕೂತ ಅಮ್ಮನಿಗೆ ಹೋಗಿದ್ದು ವೈಫೈಯೋ, ಫೈಬರೋ ಅನ್ನೋದು ಒಂದು ನೋಟಕ್ಕೆ ಗೊತ್ತಾಗಬೇಕಿತ್ತು. ಇಲ್ಲದಿದ್ದರೆ ನನಗೆ ಬೆಂಗಳೂರಿಗೆ ಫೋನ್ ಬರುತ್ತೆ. ನಾನು ಅಲ್ಲಿಂದ "ಹಸಿರು ಲೈಟ್ ಮಿಣುಕ್ತಾ ಇದ್ಯಾ ಅಮ್ಮ?" ಅಂತ ಕೇಳಬೇಕು.

ರೌಟರ್ ಅಂಗೈ ಅಗಲದ್ದು. ಒಳಗೆ ಎಆರ್9331 ಚಿಪ್, 16 ಎಂಬಿ ಫ್ಲಾಶ್, 64 ಎಂಬಿ ರಾಮ್. 4 ಎಂಬಿ ಫ್ಲಾಶ್, 32 ಎಂಬಿ ರಾಮ್ ಇರುವ ಪೆಟ್ಟಿಗೆಗಳಲ್ಲಿ ಇದಕ್ಕೆ ಕೈ ಹಾಕಬೇಡಿ. 19.07 ಆದ ಮೇಲೆ ಓಪನ್‌ವರ್ಟ್‌ನವರೇ ಅವನ್ನು ಕೈಬಿಟ್ಟಿದ್ದಾರೆ, ಜಾಗವೂ ಸಾಲಲ್ಲ.

ಡಿಸ್ಪ್ಲೇ ಎಎಕ್ಸ್206 ಚಿಪ್‌ನದ್ದು, 480×320. ಹಿಂದೆ ಕೀಚೈನ್ ಫೋಟೋ ಫ್ರೇಮ್‌ಗಳಲ್ಲಿ ಬರುತ್ತಿದ್ದ ಅದೇ ಚಿಪ್. ಆಗ ಫರ್ಮ್‌ವೇರ್ ನಾವೇ ಬದಲಿಸಿಕೊಳ್ಳಬೇಕಿತ್ತು, ಈಗ ಪಿಸಿ ಮಾನಿಟರಿಂಗ್‌ಗೆ ಅಂತ ಬದಲಿಸಿಯೇ ಮಾರುತ್ತಾರೆ. ಸುಮಾರು ಎರಡು ಸಾವಿರ ಬಿತ್ತು. ಕೊಳ್ಳುವಾಗ ಹುಷಾರು. ನೋಡಲು ಥೇಟ್ ಹೀಗೇ ಇರುವ ಇನ್ನೊಂದು ಜಾತಿ ಇದೆ, ಅದು ಸೀರಿಯಲ್ ಪೋರ್ಟ್ ಥರ ಕಾಣಿಸಿಕೊಳ್ಳುತ್ತೆ. ಚುಚ್ಚಿದ ಯುಎಸ್‌ಬಿ ಸಾಧನಗಳ ಪಟ್ಟಿ ಕೊಡುವ ಎಲ್‌ಎಸ್‌ಯುಎಸ್‌ಬಿ ಆಜ್ಞೆಯಲ್ಲಿ 1908:0102 ಅನ್ನೋ ಗುರುತಿನ ನಂಬರ್ ಬಂದರೆ ನಮಗೆ ಬೇಕಾದದ್ದು. 1ಎ86:5722 ಬಂದರೆ ಬೇರೆಯದ್ದು, ಅದನ್ನು ಓಡಿಸುವ ಪ್ರೋಗ್ರಾಂ ಪೈಥಾನ್‌ನಲ್ಲಿದೆ, ಈ ರೌಟರ್‌ಗೆ ಅದು ಭಾರ. ಮೊದಲ ಸಲ ನನಗೆ ಬಂದದ್ದು ಆ ಜಾತಿಯದ್ದೇ. ಮಾರಿದವರು ವಾಪಸ್ ತಗೊಳ್ಳಲಿಲ್ಲ. ಅಲ್ಲಿಗೆ ಹದಿನೆಂಟು ನೂರರ ಹತ್ತಿರ ಹೋಯಿತು.

ಸರಿಯಾದದ್ದು ಬಂದ ಮೇಲೆ ಲ್ಯಾಪ್‌ಟಾಪ್‌ಗೆ ಚುಚ್ಚಿದೆ. ಇಂಥ ಡಿಸ್ಪ್ಲೇಗಳನ್ನು ಓಡಿಸುವ ಎಲ್‌ಸಿಡಿ4ಲಿನಕ್ಸ್ ಪ್ರೋಗ್ರಾಂ ಹಾಕಿದ ತಕ್ಷಣ ಗಡಿಯಾರ ಬಂತು. ರೌಟರ್‌ಗೆ ಚುಚ್ಚಿದೆ. ಹಿಂದಿನ ದೀಪ ಹತ್ತಿತು, ಚಿತ್ರ ಇಲ್ಲ. ಕರ್ನಲ್ (ಲಿನಕ್ಸ್‌ನ ತಿರುಳು) ಬರೆಯುವ ಲಾಗ್‌ನಲ್ಲಿ "ಡಿವೈಸ್ ಡಿಸ್ಕ್ರಿಪ್ಟರ್ ರೀಡ್/64, ಎರರ್ -145" ಅಂತ ಸಾಲು ಸಾಲು. ಆಮೇಲೆ -71 ಒಂದೆರಡು. ಆಮೇಲೆ ಕರ್ನಲ್ ಸುಮ್ಮನಾಯಿತು.

ಈ -145 ಅನೇಕರನ್ನು ದಾರಿ ತಪ್ಪಿಸುತ್ತೆ. ಪಿಸಿಯಲ್ಲಿ ಇದೇ ತೊಂದರೆ -110 ಅಂತ ಬರುತ್ತೆ. ಎರಡೂ ಟೈಮ್‌ಔಟೇ, ಅಂದರೆ ಉತ್ತರ ಬರದೆ ಹೊತ್ತು ಮೀರಿದ್ದು. ಈ ರೌಟರ್‌ನಲ್ಲಿರುವ ಮಿಪ್ಸ್ ಜಾತಿಯ ಪ್ರೊಸೆಸರ್‌ನಲ್ಲಿ ಎರರ್‌ಗಳ ನಂಬರ್ ಬೇರೆ. ಹಾಗಾಗಿ -145 ಹಾಕಿ ಹುಡುಕಿದರೆ ಸಿಗೋದು ಕಡಿಮೆ. -110 ಹಾಕಿ ಹುಡುಕಿ, ರಾಶಿ ಸಿಗುತ್ತೆ.

ಎಲ್ಲರ ಮೊದಲ ಸಲಹೆ "ಕೆಮಾಡ್-ಯುಎಸ್‌ಬಿ-ಓಎಚ್‌ಸಿಐ ಹಾಕಿಲ್ವಾ?" ಹಾಕಿದೆ. ಏನೂ ಆಗಲಿಲ್ಲ, ಆಗೋದೂ ಇಲ್ಲ, ಯಾಕೆಂದರೆ ಅದು ನಿಧಾನದ ಯುಎಸ್‌ಬಿ ಸಾಧನಗಳನ್ನು ನೋಡಿಕೊಳ್ಳುವ ಓಎಚ್‌ಸಿಐ ಕಂಟ್ರೋಲರ್‌ನ ಡ್ರೈವರ್, ಈ ಚಿಪ್‌ನಲ್ಲಿ ಆ ಕಂಟ್ರೋಲರೇ ಇಲ್ಲ. ಇರೋದು ವೇಗದ ಸಾಧನಗಳ ಕಂಟ್ರೋಲರ್ ಇಎಚ್‌ಸಿಐ ಒಂದೇ, ನಿಧಾನದ ಸಾಧನಗಳನ್ನೂ ಅದೇ ನಿಭಾಯಿಸಬೇಕು. ಎರಡನೇ ಸಲಹೆ "ಡಿಸ್ಪ್ಲೇನೇ ಹಾಳಾಗಿದೆ." ಲ್ಯಾಪ್‌ಟಾಪ್‌ನಲ್ಲಿ ಓಡಿದ್ದನ್ನು ತೋರಿಸಿದೆ. ಮೂರನೆಯದು "ಪೋರ್ಟ್ ಸತ್ತಿದೆ." ಪೆನ್‌ಡ್ರೈವ್ ಹಾಕಿದರೆ ಚೆನ್ನಾಗಿ ಓದುತ್ತೆ. ಆಮೇಲೆ ಎಲ್ಲರೂ ಪೈ ತಗೋ ಅನ್ನೋಕೆ ಶುರು ಮಾಡಿದರು.

ಆ ಪೆನ್‌ಡ್ರೈವ್‌ನಲ್ಲೇ ಉತ್ತರ ಇತ್ತು. ಲಾಗ್‌ನಲ್ಲಿ ಅದಕ್ಕೆ "ನ್ಯೂ ಹೈ-ಸ್ಪೀಡ್ ಯುಎಸ್‌ಬಿ ಡಿವೈಸ್" ಅಂತ ಬಂದಿತ್ತು, ಡಿಸ್ಪ್ಲೇಗೆ "ನ್ಯೂ ಫುಲ್-ಸ್ಪೀಡ್ ಯುಎಸ್‌ಬಿ ಡಿವೈಸ್." ಹೈ ಅಂದರೆ 480 ಎಂಬಿಪಿಎಸ್, ಫುಲ್ ಅಂದರೆ ಬರೀ 12. ಈ ಚಿಪ್‌ಗೆ ಫುಲ್-ಸ್ಪೀಡ್ ಸಾಧನವನ್ನು ನೇರವಾಗಿ ಚುಚ್ಚಿದರೆ ಕೆಲವು ಓಡುತ್ತವೆ, ಕೆಲವು ಓಡುವುದಿಲ್ಲ. ನಡುವೆ ಯುಎಸ್‌ಬಿ 2.0 ಹಬ್ ಇಟ್ಟರೆ ರೌಟರ್ ಮಾತಾಡೋದು ಹಬ್ ಜೊತೆ ಹೈ-ಸ್ಪೀಡ್‌ನಲ್ಲಿ, ನಿಧಾನದ ಮಾತನ್ನು ಹಬ್ಬೇ ತರ್ಜುಮೆ ಮಾಡಿಕೊಳ್ಳುತ್ತೆ. ಡ್ರೈವರ್ ಮುಟ್ಟುವ ಕೆಲಸವೇ ಇಲ್ಲ.

ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡ್‌ಗೆ ಹೋಗಿ ನೂರೈವತ್ತಕ್ಕೆ ನಾಲ್ಕು ಪೋರ್ಟಿನ ಹಬ್ ತಂದೆ. ಮೇಲೆ ದೊಡ್ಡದಾಗಿ 2.0 ಅಂತ ಅಚ್ಚಾಗಿತ್ತು. ಚುಚ್ಚಿದರೆ ಮತ್ತೆ ಅದೇ -145. ಲಾಗ್ ನೋಡಿದರೆ ಹಬ್ಬೇ ಫುಲ್-ಸ್ಪೀಡ್ ಅಂತ ಬಂದಿದೆ! ಒಳಗಿರೋದು 1.1 ಚಿಪ್, ಹೆಸರು ಮಾತ್ರ 2.0. ಇನ್ನೊಂದು ಅಂಗಡಿಯಲ್ಲಿ ಬೇರೆ ಕಂಪನಿಯದ್ದು ತಂದೆ, ಅದೂ ಅಷ್ಟೇ. ಮೂರನೇ ಅಂಗಡಿಗೆ ಲ್ಯಾಪ್‌ಟಾಪ್ ತಗೊಂಡೇ ಹೋದೆ. "ಸಾರ್, ಎಲ್ಲ ಒಂದೇ ಸಾರ್, ಯಾವುದಾದ್ರೂ ತಗೊಳ್ಳಿ" ಅಂದ ಹುಡುಗ. ಕೌಂಟರ್ ಮೇಲೇ ಒಂದೊಂದಾಗಿ ಚುಚ್ಚಿ, ಲಾಗ್‌ನಲ್ಲಿ ಹೈ-ಸ್ಪೀಡ್ ಅಂತ ಬಂದದ್ದನ್ನೇ ಎತ್ತಿಕೊಂಡೆ. ನಾನೂರರ ಮೇಲೆ ಸ್ವಲ್ಪ ಬಿತ್ತು. ಆ ಹುಡುಗನೂ ಆಮೇಲೆ ಆಸಕ್ತಿಯಿಂದ ನೋಡಿ "ಇದನ್ನ ಹೆಂಗ್ ಚೆಕ್ ಮಾಡ್ತೀರಾ ಸಾರ್?" ಅಂತ ಕೇಳಿ ಬರೆದುಕೊಂಡ.

ಮನೆಗೆ ಬಂದು ಚುಚ್ಚಿದೆ. ಮೊದಲ ಸಾಲಿನಲ್ಲೇ 1908:0102 ಬಂತು. ಅವತ್ತು ರಾತ್ರಿ ಗೆಳೆಯರಿಗೆಲ್ಲ ಫೋಟೋ ಕಳಿಸಿದೆ.

ಆದರೆ ಅಲ್ಲಿಗೆ ಮುಗಿಯಲಿಲ್ಲ. ಡಿಸ್ಪ್ಲೇಯ ಹಿಂದಿನ ದೀಪ ಪೂರ್ತಿ ಏರಿಸಿದರೆ ರೌಟರ್ ರೀಬೂಟ್ ಆಗುತ್ತಿತ್ತು, ಇಲ್ಲಾ ವೈಫೈ ಬಿಟ್ಟು ಬಿಟ್ಟು ಬರುತ್ತಿತ್ತು. ಯುಎಸ್‌ಬಿ ಮೀಟರ್ ಹಾಕಿ ನೋಡಿದರೆ ಹಬ್ ಕಡೆ 4.5 ವೋಲ್ಟ್ ಆಸುಪಾಸು. ಹಳೇ 1 ಆಂಪ್ ಅಡಾಪ್ಟರ್, ಜೊತೆಗೆ ನೂಲಿನಂಥ ಕೇಬಲ್. 2 ಆಂಪ್‌ನ ಒಳ್ಳೇ ಅಡಾಪ್ಟರ್ ಮುನ್ನೂರೈವತ್ತಕ್ಕೆ ಸಿಕ್ಕಿತು. ಕೇಬಲ್ ದಪ್ಪದ್ದು, ಗಿಡ್ಡದ್ದು ಹಾಕಿದೆ. ಬರೀ ಅಡಾಪ್ಟರ್ ಬದಲಿಸಿದರೆ ಪೂರ್ತಿ ಸರಿಹೋಗಲ್ಲ, ಕೇಬಲ್ಲೂ ಬದಲಿಸಿ.

ಎಲ್‌ಸಿಡಿ4ಲಿನಕ್ಸ್ ಬಗ್ಗೆ ಎರಡು ಮಾತು. ಎಲ್ಲ ಡ್ರೈವರ್ ಇರುವ ದೊಡ್ಡ ಪ್ಯಾಕೇಜ್ ಬೇಡ, ಬೇಡದ ಲೈಬ್ರರಿಗಳನ್ನೆಲ್ಲ ಎಳೆದು ತರುತ್ತೆ. ಈ ಡಿಸ್ಪ್ಲೇಗೆ ಬೇಕಾದ ಡಿಪಿಎಫ್ ಡ್ರೈವರ್ ಮಾತ್ರ ಇಟ್ಟು ನೀವೇ ಕಟ್ಟಿಕೊಳ್ಳಿ. ಕಾನ್ಫಿಗ್ ಫೈಲ್‌ನ ಒಡೆಯ ರೂಟ್ ಇರಬೇಕು, ಪರ್ಮಿಷನ್ 600 (ಒಡೆಯ ಮಾತ್ರ ಓದಿ ಬರೆಯುವ ಹಾಗೆ) ಇರಬೇಕು. ಬೇರೆಯವರು ಓದುವ ಹಾಗಿದ್ದರೂ ಸೆಕ್ಯೂರಿಟಿ ಎರರ್ ಅಂತ ಹೇಳಿ ಶುರುವೇ ಆಗಲ್ಲ, ಹಿನ್ನೆಲೆಯಲ್ಲಿ ಓಡಿಸಿದರೆ ಆ ಮಾತು ಕಣ್ಣಿಗೂ ಬೀಳಲ್ಲ. ಮೊದಲು ಮೈನಸ್ ಎಫ್ (ದೊಡ್ಡಕ್ಷರ) ಹಾಕಿ ಎದುರಲ್ಲೇ ಓಡಿಸಿ ನೋಡಿ.

ಕರೆಂಟ್ ಹೋಗಿ ಬಂದಾಗ ಇನ್ನೊಂದು ಕಾಟ. ಡಿಸ್ಪ್ಲೇ ಏಳುವ ಮೊದಲೇ ಪ್ರೋಗ್ರಾಂ ಶುರುವಾಗಿ, ಸಾಧನ ಇಲ್ಲ ಅಂತ ನಿಂತುಬಿಡುತ್ತಿತ್ತು. ಕೆಲವರು ಮೂವತ್ತು ಸೆಕೆಂಡ್ ಸ್ಲೀಪ್ ಹಾಕ್ತಾರೆ. ನನಗೆ ಅದು ಇಷ್ಟ ಇಲ್ಲ. ಸಾಧನ ಕಾಣಿಸಿಕೊಂಡಾಗ ತಾನಾಗಿ ಓಡುವ ಹಾಟ್‌ಪ್ಲಗ್ ಸ್ಕ್ರಿಪ್ಟ್‌ನಿಂದ, ಡಿಸ್ಪ್ಲೇ ಬಂದಾಗಲೇ ಶುರು ಮಾಡಿಸಿದೆ. ಅಲ್ಲಿ ಒಂದು ಸಣ್ಣ ವಿಷಯ ನೆನಪಿಡಿ. ಪ್ರಾಡಕ್ಟ್ ಅನ್ನೋ ವೇರಿಯಬಲ್‌ನಲ್ಲಿ ನಂಬರ್ 1908/0102 ಅಂತ ಬರಲ್ಲ, 1908/102 ಅಂತ ಬರುತ್ತೆ, ಮುಂದಿನ ಸೊನ್ನೆ ಇರಲ್ಲ. ಸೊನ್ನೆ ಹಾಕಿ ಹೋಲಿಸಿದರೆ ಸ್ಕ್ರಿಪ್ಟ್ ಯಾವತ್ತೂ ಓಡಲ್ಲ.

ವೇಗದ ಲೆಕ್ಕ ಹೇಳಿಬಿಡುತ್ತೇನೆ. ಪೂರ್ತಿ ಪರದೆಗೆ 480×320, ಪಿಕ್ಸೆಲ್‌ಗೆ ಎರಡು ಬೈಟ್, ಅಂದರೆ 300 ಕೆಬಿ ಚಿಲ್ಲರೆ. ಫುಲ್-ಸ್ಪೀಡ್‌ನಲ್ಲಿ ಸೆಕೆಂಡಿಗೆ ಒಂದು ಎಂಬಿ ದಾಟಿಸೋದೇ ಕಷ್ಟ. ಹಾಗಾಗಿ ಸೆಕೆಂಡಿಗೆ ಮೂರು ಚಿತ್ರಕ್ಕಿಂತ ಜಾಸ್ತಿ ಕೇಳಬೇಡಿ. ಬದಲಾದ ಜಾಗ ಮಾತ್ರ ಕಳಿಸಿದರೆ ಸಾಕು. ಸೆಕೆಂಡ್ ಮುಳ್ಳಿನ ಗಡಿಯಾರ ಹಾಕಿ ನೋಡಿದೆ, ಸಿಪಿಯು ಮೂವತ್ತು ಪರ್ಸೆಂಟ್ ಹತ್ತಿರ ತಿಂದಿತು. ನಿಮಿಷ ಮಾತ್ರ ತೋರಿಸಿದರೆ ಮೂರು, ನಾಲ್ಕು. ಚಿತ್ರ ಬದಲಾಗುವಾಗ ಪರದೆ ಕಪ್ಪಾಗಿ ಮಿಣುಕದ ಹಾಗೆ ಮಾಡೋಕೆ ನನ್ನದೇ ಒಂದು ಉಪಾಯ ಇದೆ, ಅದನ್ನು ಸದ್ಯಕ್ಕೆ ಇಲ್ಲಿ ಬಿಡಿಸಿ ಹೇಳಲ್ಲ.

ಕನ್ನಡಕ್ಕಾಗಿ ತುಂಬಾ ಹೊತ್ತು ಕಳೆದೆ. ಒಳಗಿರೋ ಸಣ್ಣ ಫಾಂಟ್‌ನಲ್ಲಿ ಕನ್ನಡ ಇಲ್ಲ. ಟ್ರೂಟೈಪ್ ಫಾಂಟ್ ಕೊಟ್ಟರೆ ಅಕ್ಷರ ಬಂತು, ಆದರೆ "ನೆಟ್ ಇಲ್ಲ" ಅಂತ ಹಾಕಿದರೆ ಎರಡು ಲ ಅಕ್ಕಪಕ್ಕ ನಿಂತು, ನಡುವೆ ಹಲಂತ ನೇತಾಡುತ್ತಿತ್ತು. ನಾನು ಕಟ್ಟಿದ ಲೈಬ್ರರಿಯಲ್ಲಿ ಒತ್ತಕ್ಷರ ಜೋಡಿಸುವ ವ್ಯವಸ್ಥೆ ಇರಲಿಲ್ಲ. ಹಾಗಂತ ಬಿಡೋಕಾಗುತ್ತಾ? ಅಮ್ಮ ಓದೋದು ಕನ್ನಡ. ಲ್ಯಾಪ್‌ಟಾಪ್‌ನಲ್ಲಿ ಬೇಕಾದ ಮಾತುಗಳನ್ನೆಲ್ಲ ಪಿಎನ್‌ಜಿ ಮಾಡಿಟ್ಟೆ: "ನೆಟ್ ಇದೆ", "ಫೈಬರ್ ಹೋಗಿದೆ", "ಕರೆಂಟ್ ಇಲ್ಲ, ಬ್ಯಾಟರಿ ಮೇಲಿದೆ." ಸ್ಕ್ರಿಪ್ಟ್ ಸರಿಯಾದ ಚಿತ್ರವನ್ನು ಜಾಗಕ್ಕೆ ಇಡುತ್ತೆ, ಇಮೇಜ್ ವಿಜೆಟ್ ಅದನ್ನು ಮತ್ತೆ ಓದಿಕೊಳ್ಳುತ್ತೆ. ಎಲ್ಲ ಸೇರಿ 100 ಕೆಬಿಯೂ ಇಲ್ಲ. ಅಕ್ಷರ ದಪ್ಪ, ಹಳದಿ. ಜಗಲಿಯ ಆ ತುದಿಯಿಂದಲೂ ಓದಬಹುದು.

ಈ ನಡುವೆ ದೊಡ್ಡ ಪರದೆಯ ಆಸೆಗೆ ಯುಎಸ್‌ಬಿಯಿಂದ ಮಾನಿಟರ್ ಓಡಿಸುವ ಡಿಸ್ಪ್ಲೇಲಿಂಕ್ ಅಡಾಪ್ಟರನ್ನೂ ನೋಡಿದೆ. ಹಳೇ ಯುಎಸ್‌ಬಿ 2.0 ಚಿಪ್‌ನದ್ದಾದರೆ ಕರ್ನಲ್‌ನಲ್ಲೇ ಯುಡಿಎಲ್‌ಎಫ್‌ಬಿ ಡ್ರೈವರ್ ಇದೆ, ಓಪನ್‌ವರ್ಟ್ ಇಮೇಜ್ ನೀವೇ ಕಟ್ಟಿಕೊಂಡರೆ ಪರದೆ ಹಸಿರಾಗುತ್ತೆ, ಅದು ಡ್ರೈವರ್ ಹಿಡಿದುಕೊಂಡಿದೆ ಅನ್ನೋದರ ಗುರುತು. ಆದರೆ ಅಲ್ಲಿಂದ ಮುಂದೆ ರಾಮ್ ಸಾಲಲಿಲ್ಲ. ಯುಎಸ್‌ಬಿ 3.0 ಚಿಪ್‌ನವಕ್ಕೆ ಕಂಪನಿಯದ್ದೇ ಮುಚ್ಚಿದ ಡ್ರೈವರ್ ಬೇಕು, ಮಿಪ್ಸ್‌ಗೆ ಅದು ಇಲ್ಲ. ರೌಟರ್‌ಗಾಗಿ ಅವನ್ನು ಕೊಳ್ಳಬೇಡಿ.

ಕೆಲಸಕ್ಕೆ ಬಾರದ ಹಬ್‌ಗಳು, ವಾಪಸ್ ಹೋಗದ ಡಿಸ್ಪ್ಲೇ ಎಲ್ಲ ಸೇರಿ ಐದು ಸಾವಿರದ ಹತ್ತಿರ ಖರ್ಚಾಗಿದೆ. ಈಗ ಶುರು ಮಾಡುವವರಿಗೆ ಮೂರು ಸಾವಿರದ ಒಳಗೆ ಮುಗಿಯುತ್ತೆ. ವಾಪಸ್ ಹೋಗದ ಆ ಸೀರಿಯಲ್ ಡಿಸ್ಪ್ಲೇಯನ್ನೂ ಬಿಟ್ಟಿಲ್ಲ. ಅದಕ್ಕೆ ಬೇಕಾದ ಡ್ರೈವರ್ ಕೆಮಾಡ್-ಯುಎಸ್‌ಬಿ-ಎಸಿಎಂ ಹಾಕಿ, ಪೈಥಾನ್ ಬಿಟ್ಟು ಸಿ ಭಾಷೆಯಲ್ಲಿ ಸಣ್ಣ ಪ್ರೋಗ್ರಾಂ ಬರೆಯುತ್ತಿದ್ದೇನೆ. ಪರದೆ ತುಂಬಾ ಚಿತ್ರ ಬರುತ್ತಿದೆ, ಬಣ್ಣ ಮಾತ್ರ ಅದಲುಬದಲು. ಎರಡು ಬೈಟ್‌ಗಳ ಕ್ರಮ ತಿರುಗಿಸಿ ಈ ವಾರ ನೋಡಬೇಕು.