ಓಪನ್‌ಬಿಎಸ್‌ಡಿಯಲ್ಲಿ ಆಟ: ಮೊದಲು ಫೋಲ್ಡರ್ ತೆರೆದು ನೋಡಿ

ಕಳೆದ ಬೇಸಿಗೆ ರಜೆಗೆ ಅಕ್ಕನ ಮಗ ನಮ್ಮ ಮನೆಗೆ ಬಂದಿದ್ದ. ಹತ್ತನೇ ಕ್ಲಾಸ್ ಪರೀಕ್ಷೆ ಮುಗಿದಿತ್ತು. ನನ್ನ ಲ್ಯಾಪ್‌ಟಾಪ್ ತೆರೆದವನೇ, "ಮಾಮ, ಇದ್ರಲ್ಲಿ ಸ್ಟೀಮ್ ಇಲ್ವಾ?" ಅಂದ. ಸ್ಟೀಮ್ ಅಂದರೆ ಆಟಗಳನ್ನು ಕೊಂಡು ಆಡುವ ಆನ್‌ಲೈನ್ ಅಂಗಡಿ. ಇಲ್ಲ ಕಣೋ ಅಂದೆ. "ಮತ್ತೆ ಗೇಮ್ ಹೇಗೆ ಆಡ್ತೀರಾ?" ಬಾಯಲ್ಲಿ ಹೇಳುವ ಬದಲು ಪಕ್ಕದಲ್ಲಿ ಕೂರಿಸಿಕೊಂಡು ಮಾಡಿ ತೋರಿಸಿದೆ. ಎರಡು ಸಂಜೆ ಹಿಡಿಯಿತು.

ನನ್ನ ಲ್ಯಾಪ್‌ಟಾಪ್‌ನಲ್ಲಿರುವ ಆಪರೇಟಿಂಗ್ ಸಿಸ್ಟಂ ಓಪನ್‌ಬಿಎಸ್‌ಡಿ. ಯುನಿಕ್ಸ್ ವಂಶದ್ದು. 1995ರಲ್ಲಿ ಥಿಯೋ ಡಿ ರಾಟ್ ನೆಟ್‌ಬಿಎಸ್‌ಡಿಯಿಂದ ಕವಲೊಡೆದು ಶುರು ಮಾಡಿದ್ದು. ಭದ್ರತೆಗೆ ಹೆಸರಾಗಿದೆ. ಆಟ ಆಡೋಕೆ ಅಂತ ಇದನ್ನು ಹಾಕಿಕೊಳ್ಳುವವರು ಕಡಿಮೆ. ವಿಂಡೋಸ್ ಪ್ರೋಗ್ರಾಂಗಳನ್ನು ಬೇರೆ ಸಿಸ್ಟಂನಲ್ಲಿ ಓಡಿಸುವ ವೈನ್ ಇದರಲ್ಲಿ ಇಲ್ಲ, ಹಾಗಾಗಿ ಅವು ನೇರವಾಗಿ ಓಡುವುದಿಲ್ಲ. ಲಿನಕ್ಸ್ ಪ್ರೋಗ್ರಾಂ ಓಡಿಸುವ ಸೌಲಭ್ಯ ಹಿಂದೆ ಇತ್ತು, 2016ರಲ್ಲಿ ಬಂದ 6.0 ಆವೃತ್ತಿಯಲ್ಲಿ ಅದನ್ನೂ ತೆಗೆದರು. ಗ್ರಾಫಿಕ್ಸ್ ಇಂಟೆಲ್ ಅಥವಾ ಎಎಂಡಿ ಆಗಿದ್ದರೆ ಒಳ್ಳೆಯದು. ನನ್ನದು ಎಎಂಡಿಯ ರೈಜನ್ ಚಿಪ್ ಇರುವ ಹಳೆಯ ಲ್ಯಾಪ್‌ಟಾಪ್. ಎಫ್‌ಡಬ್ಲ್ಯು_ಅಪ್‌ಡೇಟ್ ಅನ್ನೋ ಕಮಾಂಡ್ ಕೊಟ್ಟು ಫರ್ಮ್‌ವೇರ್ (ಚಿಪ್‌ನ ಒಳಗೇ ಓಡುವ ಸಾಫ್ಟ್‌ವೇರ್) ಇಳಿಸಿಕೊಂಡ ಮೇಲೆ ಗ್ರಾಫಿಕ್ಸ್ ಬಗ್ಗೆ ಮತ್ತೆ ತಲೆ ಕೆಡಿಸಿಕೊಂಡಿಲ್ಲ.

ಇಷ್ಟೆಲ್ಲ ಇಲ್ಲದಿದ್ದರೂ ಆಟ ಹೇಗೆ ಓಡುತ್ತದೆ? ಒಂದು ಆಟದಲ್ಲಿ ಎರಡು ಭಾಗ ಇರುತ್ತವೆ. ಒಂದು ಎಂಜಿನ್, ಅಂದರೆ ಆಟ ನಡೆಸುವ ಪ್ರೋಗ್ರಾಂ. ಇನ್ನೊಂದು ಸರಕು: ಚಿತ್ರ, ಸದ್ದು, ಹಂತಗಳ ನಕ್ಷೆ. ಸರಕಿಗೆ ಯಾವ ಆಪರೇಟಿಂಗ್ ಸಿಸ್ಟಂ ಆದರೂ ಒಂದೇ. ಎಂಜಿನ್‌ನ ಸೋರ್ಸ್ (ಅದರ ಮೂಲ ಕೋಡ್) ಬಯಲಾಗಿದ್ದರೆ ಅದನ್ನು ಇಲ್ಲಿ ಓಡುವಂತೆ ಕಂಪೈಲ್ ಮಾಡಿಕೊಂಡು ಹಳೆಯ ಸರಕು ತೋರಿಸಿದರೆ ಆಯಿತು. ಅದಕ್ಕೇ ನಾನು "ಈ ಆಟ ಓಡುತ್ತದಾ" ಅಂತ ಕೇಳುವುದು ಬಿಟ್ಟು ಎಷ್ಟೋ ವರ್ಷ ಆಯಿತು. "ಇದನ್ನು ಯಾವುದರಲ್ಲಿ ಕಟ್ಟಿದ್ದಾರೆ" ಅಂತ ಕೇಳುತ್ತೇನೆ. ಉತ್ತರ ಆಟದ ಫೋಲ್ಡರ್ ಒಳಗೇ ಇರುತ್ತದೆ.

ಸುಲಭದ್ದು ಡೂಮ್. 1993ರ ಆಟ. 1997ರಲ್ಲಿ ಐಡಿ ಸಾಫ್ಟ್‌ವೇರ್‌ನವರು ಅದರ ಸೋರ್ಸ್ ಬಿಟ್ಟುಕೊಟ್ಟರು. ಪ್ಯಾಕೇಜ್ ಹಾಕುವ ಪಿಕೆಜಿ_ಆಡ್ ಕಮಾಂಡ್‌ನಲ್ಲಿ ಚಾಕೊಲೇಟ್ ಡೂಮ್ ಅನ್ನೋ ಎಂಜಿನ್ ಹಾಕಿ, ನಿಮ್ಮ ಹತ್ತಿರ ಇರುವ ವ್ಯಾಡ್ ಫೈಲ್ (ಡೂಮ್‌ನ ಸರಕು) ಕೊಟ್ಟರೆ ಸಾಕು. ಡಯಾಬ್ಲೋಗೆ ಡೆವಿಲ್ಯೂಷನ್‌ಎಕ್ಸ್ ಇದೆ. ಹಳೆಯ ಸಾಹಸದ ಆಟಗಳಿಗೆ ಸ್ಕಮ್‌ವಿಎಂ, ಡಾಸ್ ಕಾಲದ್ದಕ್ಕೆ ಡಾಸ್‌ಬಾಕ್ಸ್. ಹುಡುಗ ಡೂಮ್ ಅರ್ಧ ಗಂಟೆ ಆಡಿದ. ಆಮೇಲೆ, "ಇದು ಚೆನ್ನಾಗಿದೆ, ಆದ್ರೆ ಸ್ವಲ್ಪ ಹೊಸದು ಇಲ್ವಾ?" ಅಂದ. ನ್ಯಾಯವಾದ ಪ್ರಶ್ನೆ ಅಲ್ವಾ?

ಹಾಗಾಗಿ ರೋಗ್ ಲೆಗಸಿ ತೆಗೆದೆ. 2013ರದ್ದು. ಗಾಗ್ ಅನ್ನೋ ಆನ್‌ಲೈನ್ ಅಂಗಡಿಯಲ್ಲಿ ಡಿಆರ್‌ಎಂ (ನಕಲು ತಡೆಯುವ ಬೀಗ) ಇಲ್ಲದ ಪ್ರತಿ ಕೊಂಡಿಟ್ಟಿದ್ದೆ. ಅವರ ಲಿನಕ್ಸ್ ಇನ್‌ಸ್ಟಾಲರ್ ನೋಡೋಕೆ ಒಂದು ಶೆಲ್ ಸ್ಕ್ರಿಪ್ಟ್, ಆದರೆ ಅದರ ಬಾಲಕ್ಕೆ ಜಿಪ್ ಫೈಲ್ ಅಂಟಿಸಿರುತ್ತಾರೆ. ಇನ್‌ಸ್ಟಾಲರ್ ಓಡಿಸುವುದೇ ಬೇಡ, ಸುಮ್ನೆ ಅನ್‌ಜಿಪ್ ಮಾಡಿದರೆ ಸಾಕು. (ವಿಂಡೋಸ್ ಇನ್‌ಸ್ಟಾಲರ್ ಆಗಿದ್ದರೆ ಇನ್ನೋಎಕ್ಸ್‌ಟ್ರಾಕ್ಟ್ ಅನ್ನೋ ಪ್ಯಾಕೇಜ್ ಬಿಚ್ಚುತ್ತದೆ.) ಒಳಗೆ ನೋಡಿದಾಗ ಎಫ್‌ಎನ್‌ಎ ಹೆಸರಿನ ಡಿಎಲ್‌ಎಲ್ (ಲೈಬ್ರರಿ ಫೈಲ್) ಕಂಡಿತು. ಅದು ಕಂಡರೆ ನನಗೆ ಜೀವ ಬಂದ ಹಾಗೆ.

ಮೈಕ್ರೋಸಾಫ್ಟ್ 2006ರಲ್ಲಿ ಎಕ್ಸ್‌ಎನ್‌ಎ ಅನ್ನೋ ಆಟದ ಚೌಕಟ್ಟು ತಂದಿತ್ತು, ಆಮೇಲೆ ಕೈಬಿಟ್ಟಿತು. ಅದನ್ನೇ ಈಥನ್ ಲೀ ಹೊಸದಾಗಿ, ಓಪನ್ ಸೋರ್ಸ್ ಆಗಿ ಬರೆದರು. ಅದೇ ಎಫ್‌ಎನ್‌ಎ. ಇಂಥ ಆಟಗಳನ್ನು ಸಿ ಶಾರ್ಪ್ ಭಾಷೆಯಲ್ಲಿ ಬರೆದಿರುತ್ತಾರೆ. ಅಂದರೆ ಆ ಎಕ್ಸ್‌ಇ ಫೈಲ್ ಒಳಗೆ ಇರುವುದು ವಿಂಡೋಸ್‌ಗೆ ಮಾತ್ರ ಸೇರಿದ ಯಂತ್ರಭಾಷೆ ಅಲ್ಲ, ಬೈಟ್‌ಕೋಡ್. ಆ ಬೈಟ್‌ಕೋಡ್ ಓಡಿಸುವ ಮೋನೋ ಅನ್ನೋ ಪ್ರೋಗ್ರಾಂ ಇರುವ ಕಡೆಯೆಲ್ಲ ಅದು ಓಡಬಲ್ಲದು. ಓಪನ್‌ಬಿಎಸ್‌ಡಿಯಲ್ಲಿ ಮೋನೋ ಇದೆ.

ಮೊದಲು ನಾನೇ ಕೈಯಲ್ಲಿ ಮಾಡಿ ತೋರಿಸಿದೆ. ಮೋನೋ ಅಂತ ಬರೆದು ಎಕ್ಸ್‌ಇ ಹೆಸರು ಕೊಟ್ಟೆ. ಕೋರ್‌ಲಿಬ್ (ಮೋನೋದ ಮೂಲ ಲೈಬ್ರರಿ) ಹೊಂದುತ್ತಿಲ್ಲ ಅಂತ ಒಂದು ಸಾಲು ಬಂದು ನಿಂತುಬಿಟ್ಟಿತು. ಆಟದವರು ತಮ್ಮದೇ ಎಂಎಸ್‌ಕೋರ್‌ಲಿಬ್ ಮತ್ತು ಸಿಸ್ಟಂ ಡಿಎಲ್‌ಎಲ್‌ಗಳನ್ನು ಜೊತೆಗೆ ಕಳಿಸಿರುತ್ತಾರೆ, ಅವು ಇಲ್ಲಿನ ಮೋನೋ ಜೊತೆ ಜಗಳಕ್ಕೆ ನಿಲ್ಲುತ್ತವೆ. ಅವನ್ನು ಬೇರೆ ಫೋಲ್ಡರ್‌ಗೆ ಸರಿಸಿದೆ. ಈಗ ಚಿತ್ರ, ಸದ್ದು, ಗೇಮ್‌ಪ್ಯಾಡ್ ನೋಡಿಕೊಳ್ಳುವ ಎಸ್‌ಡಿಎಲ್2 ಲೈಬ್ರರಿ ಸಿಗುತ್ತಿಲ್ಲ ಅಂತು. ಲೈಬ್ರರಿ ಇದೆ, ಹೆಸರು ಬೇರೆ ಅಷ್ಟೆ. ಲಿನಕ್ಸ್‌ನಲ್ಲಿ ಹೆಸರಿನ ಕೊನೆಗೆ ಒಂದೇ ಸೊನ್ನೆ ಇದ್ದರೆ, ಇಲ್ಲಿ ದೊಡ್ಡ ಅಂಕಿ, ಚುಕ್ಕೆ, ಸಣ್ಣ ಅಂಕಿ ಅಂತ ಬರುತ್ತದೆ. ಪಕ್ಕದಲ್ಲಿರುವ ಕಾನ್ಫಿಗ್ ಫೈಲ್‌ನಲ್ಲಿ ಯಾವ ಹೆಸರಿಗೆ ಯಾವ ಲೈಬ್ರರಿ ಅಂತ ತಿಳಿಸಬೇಕು. ಈ ಕೆಲಸವನ್ನೆಲ್ಲ ಎಫ್‌ಎನ್‌ಎಫೈ ಅನ್ನೋ ಸಣ್ಣ ಪ್ಯಾಕೇಜ್ ತಾನೇ ಮಾಡುತ್ತದೆ. ಆಟದ ಫೋಲ್ಡರ್ ಒಳಗೆ ನಿಂತು ಅದನ್ನು ಕರೆದರೆ ಸಾಕು. ಆದರೂ ಒಮ್ಮೆ ಕೈಯಾರೆ ಮಾಡಿ ನೋಡಿ ಅನ್ನುತ್ತೇನೆ. ಮುಂದೆ ಏನಾದರೂ ಕೆಟ್ಟಾಗ ಎಲ್ಲಿ ಹುಡುಕಬೇಕು ಅಂತ ಗೊತ್ತಿರುತ್ತದೆ.

ಒಂದು ಕಡೆ ನಾನು ಎಡವಿದೆ. ಹೊರಗಿನಿಂದ ಬಂದ ಪ್ರೋಗ್ರಾಂಗಳು ನನ್ನ ಕೆಲಸದ ಫೈಲ್ ಮುಟ್ಟಬಾರದು ಅಂತ ಆಟಕ್ಕೇ ಬೇರೆ ಯೂಸರ್ ಮಾಡಿದ್ದೆ. ಆ ಯೂಸರ್‌ನಲ್ಲಿ ಸಣ್ಣ ಆಟಗಳು ಸರಿ, ದೊಡ್ಡವು ಲೋಡ್ ಆಗುತ್ತಾ ಆಗುತ್ತಾ ಸತ್ತು ಹೋಗುತ್ತಿದ್ದವು. ಮಷೀನ್‌ನಲ್ಲಿ 16 ಜಿಬಿ ಇದ್ದರೂ ಮೆಮೊರಿ ಇಲ್ಲ ಅನ್ನುವ ದೂರು! ಒಂದು ಭಾನುವಾರ ಪೂರ್ತಿ ಗ್ರಾಫಿಕ್ಸ್ ಡ್ರೈವರ್ ಮೇಲೆ ಅನುಮಾನಪಟ್ಟೆ. ಕಾರಣ ಬೇರೆ. ಲಾಗಿನ್ ಕಾನ್ಫಿಗ್‌ನಲ್ಲಿ ಪ್ರತಿ ವರ್ಗದ ಯೂಸರ್‌ಗೂ ಇಷ್ಟೇ ಮೆಮೊರಿ ಅಂತ ಮಿತಿ ಇರುತ್ತದೆ. ಹೊಸ ಯೂಸರ್ ಡಿಫಾಲ್ಟ್ ವರ್ಗದಲ್ಲಿ ಸಿಕ್ಕಿಕೊಂಡಿದ್ದ. ಸ್ಟಾಫ್ ವರ್ಗಕ್ಕೆ ಸೇರಿಸಿ, ಮತ್ತೆ ಲಾಗಿನ್ ಆಗಿ, ಯುಲಿಮಿಟ್ ಕಮಾಂಡ್‌ನಲ್ಲಿ ಮೆಮೊರಿ ಮಿತಿಯನ್ನು 4194304ಕ್ಕೆ ಏರಿಸಿದೆ. ಅದು ಕಿಲೋಬೈಟ್ ಲೆಕ್ಕ, ಅಂದರೆ 4 ಜಿಬಿ. ಅವತ್ತಿನಿಂದ ಆ ತೊಂದರೆ ಇಲ್ಲ.

ಇನ್ನೊಂದು ಗೇಮ್‌ಪ್ಯಾಡ್. 2021ರ 6.9 ಆವೃತ್ತಿಯಲ್ಲಿ ಯುಜಾಯ್ ಅನ್ನೋ ಡ್ರೈವರ್ ಬಂತು. ಅದಕ್ಕೆ ಮುಂಚೆ ಯುಎಸ್‌ಬಿ ಸಾಧನದ ಫೈಲ್‌ಗೆ ನಾವೇ ಅನುಮತಿ ಕೊಡಬೇಕಿತ್ತು. ಈಗ ಪ್ಯಾಡ್ ಚುಚ್ಚಿದರೆ ಸಾಕು, ಆಟ ಅದನ್ನು ಓದಬಹುದು, ಬರೆಯುವಂತಿಲ್ಲ. ಆದರೆ ನನ್ನ ಪ್ಯಾಡ್‌ನಲ್ಲಿ ಬಟನ್‌ಗಳೆಲ್ಲ ಅದಲು ಬದಲು. ಹಾರು ಅಂದರೆ ಹೊಡೆಯುತ್ತಿತ್ತು. ಹುಡುಗ ಒಂದೊಂದೇ ಬಟನ್ ಒತ್ತುತ್ತಾ ಹೋದ, ಪರದೆಯಲ್ಲಿ ಬಂದ ಅಂಕಿಯನ್ನು ನಾನು ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ಎ ಅಂದರೆ 1, ಬಿ ಅಂದರೆ 2, ಹೀಗೆ. ಅದನ್ನೆಲ್ಲ ಕೂಡಿಸಿ ಎಸ್‌ಡಿಎಲ್‌ಗೆ ಬೇಕಾದ ಒಂದೇ ಉದ್ದದ ಸಾಲು ಮಾಡಿ ಪ್ರೊಫೈಲ್ ಫೈಲ್‌ಗೆ ಹಾಕಿದೆ. ಆಮೇಲೆ ಅವನು ಊಟಕ್ಕೆ ಏಳಲಿಲ್ಲ. ರೋಗ್ ಲೆಗಸಿಯಲ್ಲಿ ನೀವು ಸತ್ತರೆ ನಿಮ್ಮ ಮುಂದಿನ ತಲೆಮಾರು ಕೋಟೆಗೆ ಹೋಗುತ್ತದೆ. ಮೂವರು ವಾರಸುದಾರರಲ್ಲಿ ಒಬ್ಬರನ್ನು ಆರಿಸಬೇಕು. ಅವತ್ತು ರಾತ್ರಿ ನಾವಿಬ್ಬರೂ ಎಷ್ಟು ತಲೆಮಾರು ಕಳೆದೆವೋ ಲೆಕ್ಕ ಇಟ್ಟಿಲ್ಲ.

ಎಲ್ಲ ಆಟವೂ ಆಗುವುದಿಲ್ಲ, ಅದನ್ನೂ ಹೇಳಬೇಕು. ಗೋಡೋ ಅನ್ನೋ ಓಪನ್ ಸೋರ್ಸ್ ಎಂಜಿನ್‌ನಲ್ಲಿ ಮಾಡಿದವು ಬಹುಮಟ್ಟಿಗೆ ಆಗುತ್ತವೆ, ಎಂಜಿನ್ ಆವೃತ್ತಿ ಹೊಂದಬೇಕು ಅಷ್ಟೆ. ಸ್ಟಾರ್‌ಡ್ಯೂ ವ್ಯಾಲಿ 2021ರ 1.5.5 ಆವೃತ್ತಿಯಲ್ಲಿ ಮೈಕ್ರೋಸಾಫ್ಟ್‌ನ ಡಾಟ್‌ನೆಟ್ 5ಕ್ಕೆ ಹೋಯಿತು, ಅಲ್ಲಿಂದಾಚೆಗಿನದು ಮೋನೋಗೆ ಸಿಗುವುದಿಲ್ಲ. ಯೂನಿಟಿ ಅನ್ನೋ ಎಂಜಿನ್‌ನಲ್ಲಿ ಮಾಡಿದ್ದರೆ ನಾನು ಕೈ ಹಾಕುವುದೇ ಇಲ್ಲ. ಆ ಎಂಜಿನ್ ಕಂಪನಿಯದ್ದು, ಸೋರ್ಸ್ ನಮ್ಮ ಕೈಗೆ ಸಿಗುವುದಿಲ್ಲ. ಎಷ್ಟೋ ಒಳ್ಳೆಯ ಆಟಗಳು ಅದರಲ್ಲಿವೆ, ಆ ಬೇಜಾರು ಇದ್ದೇ ಇದೆ.

ಹೋದ ತಿಂಗಳು ಹುಡುಗ ಊರಿಂದ ಒಂದು ಫೋಟೋ ಕಳಿಸಿದ. ಗೆಳೆಯನ ಹತ್ತಿರ ಇರುವ ಆಟದ ಫೋಲ್ಡರ್. ಕೆಳಗೆ ಬರೆದಿದ್ದ: "ಮಾಮ, ಯೂನಿಟಿಪ್ಲೇಯರ್ ಅಂತ ಒಂದು ಫೈಲ್ ಇದೆ. ನಿಮ್ಮದ್ರಲ್ಲಿ ಆಗಲ್ಲ ಅಲ್ವಾ?" ಹೌದು ಕಣೋ, ಆಗಲ್ಲ ಅಂತ ಬರೆದೆ. ಸ್ವಲ್ಪ ಹೊತ್ತಿಗೆ ಇನ್ನೊಂದು ಫೋಟೋ ಬಂತು. ಅದರಲ್ಲಿ ಎಫ್‌ಎನ್‌ಎ ಇತ್ತು.